ಒಳಕಿಸೆಗೆ ಹೊಲಿದ ಬಜೆಟ್ಟು

ದುಡ್ಡಿನ ಮೇಲೆ ನಮ್ಮ ಕಾಕಾಗೆ ಇದ್ದಷ್ಟು ಆಸೆ ಇನ್ನಾರಿಗೂ ಇದ್ದದ್ದನ್ನು ನಾನು ಕಂಡಿಲ್ಲ. ಆದರೆ ಒಂದೇ ಕರಾರು: ಆ ದುಡ್ಡು ಯಾವ ಅಂಗಡಿಯಲ್ಲೂ ನಡೆಯಬಾರದು! ಚಲಾವಣೆಯ ರೂಪಾಯಿ ಕಂಡರೆ ಅವರಿಗೆ ಅಷ್ಟಕ್ಕಷ್ಟೆ. ಅದೇ ಯಾವನೋ ಸತ್ತ ರಾಜನ ಸವೆದ ತಾಮ್ರದ ಬಿಲ್ಲೆ ತೋರಿಸಿ, ಆಮೇಲೆ ಮನೆಗೆ ಬೆಂಕಿ ಬಿದ್ದರೂ ಅವರಿಗೆ ಕೇಳಿಸುವುದಿಲ್ಲ.

ಕಲಬುರಗಿ ಬಿಟ್ಟು ನಾಸಿಕ್ಕಿನ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದ ಕಾಕಾ, ಅವರ ಹೆಂಡತಿ ಕಾಕು, ಇವರ ಮನೆಯಲ್ಲಿದ್ದುಕೊಂಡು ನಾನು ಕಾಲೇಜು ಓದುತ್ತಿದ್ದೆ. ಊರೇ ನೋಟು ಅಚ್ಚಾಗುವ ಊರು. ಕಾಕಾಗೆ ಮಾತ್ರ ನೋಟೆಂದರೆ ತಾತ್ಸಾರ. "ನೋಟಂದ್ರ ಏನವ್ವಾ? ಕಾಗದ! ಕಲ್ಲಿನ ಮ್ಯಾಲ ಒಗದ್ರ ಸಪ್ಪಳ ಬರ್ತದೇನು?"

ಸಪ್ಪಳ ಬರುವ ಎಲ್ಲವೂ ಅವರ ರಟ್ಟಿನ ಪುಸ್ತಕದಲ್ಲಿದ್ದವು. ಹಾಳೆಗೆ ದುಂಡಗೆ ಕಿಂಡಿ ಕತ್ತರಿಸಿ, ಒಂದೊಂದು ಕಿಂಡಿಯಲ್ಲಿ ಒಂದೊಂದು ನಾಣ್ಯ ಕೂರಿಸಿ, ಕೆಳಗೆ ಕೊಟ್ಟ ಬೆಲೆ ಬರೆಯುತ್ತಿದ್ದರು. ಒಂದೇ ಒಂದು ಕಿಂಡಿ ಖಾಲಿ. ಅದು ಕಾಕಾ ಹುಟ್ಟಿದ ವರ್ಷದ ನಿಜಾಮರ ಬೆಳ್ಳಿ ರೂಪಾಯಿಯ ಜಾಗ. ಅದಕ್ಕಾಗಿ ಅವರು ಹುಡುಕದ ಸಂತೆಯಿಲ್ಲ.

ಗೋದಾವರಿಯ ಘಾಟನ್ನೂ ಬಿಟ್ಟವರಲ್ಲ! ಯಾತ್ರೆಯವರು ನದಿಗೆ ದುಡ್ಡು ಎಸೆಯುತ್ತಾರಲ್ಲ, ಭಾನುವಾರ ಬೆಳಿಗ್ಗೆ ಇವರು ಮೆಟ್ಟಿಲ ಮೇಲೆ ಕಾವಲು. ಒಮ್ಮೆ ಬೀದರ ಕಡೆಯ ಮುದುಕಿಯೊಬ್ಬಳು ನದಿಗೆ ಎಸೆಯಲೆಂದು ಹಳೇ ತೂತಿನ ಕಾಸು ಎತ್ತಿದಳು. ಕಾಕಾ ಧಾವಿಸಿ ಕೈ ಹಿಡಿದರು. "ಯವ್ವಾ, ಅದು ಒಗೀಬ್ಯಾಡ್ರಿ! ಅದು ನನಗ ಕೊಡ್ರಿ, ಈ ಹತ್ತು ಪೈಸೆ ಒಗೀರಿ!" ಮುದುಕಿ ಇವರನ್ನು ಘಾಟಿನ ಪೂಜಾರಿ ಎಂದೇ ತಿಳಿದು, ಕಾಸು ಕೊಟ್ಟು ಕಾಲಿಗೂ ಬಿದ್ದಳು. ಕಾಕಾ ಏನು ಮಾಡಿದರು ಅಂತೀರಿ? "ನೂರು ವರ್ಷ ಬಾಳ್ರಿ" ಎಂದು ಹರಸಿ, ಕಾಸು ಕಿಸೆಗೆ ಹಾಕಿಕೊಂಡು ಮನೆಗೆ ಬಂದರು.

ಆದರೆ ನಿಜವಾದ ಪ್ರಮಾದ ಔರಂಗಾಬಾದಿನ ನಾಣ್ಯ ಪ್ರದರ್ಶನದಲ್ಲಿ ಆಯಿತು. ಈಗ ಛತ್ರಪತಿ ಸಂಭಾಜಿನಗರ ಅಂತಾರಲ್ಲ, ಅದೇ ಊರು. ಮೊದಲ ಸಲ ಹೋದವರು ಬಾಗಿಲ ಪಕ್ಕದ ಮೇಜಿನಲ್ಲೇ ಸಂಬಳವನ್ನೂ ಬಸ್ಸಿನ ದುಡ್ಡನ್ನೂ ಮುಗಿಸಿ, ಉಳ್ಳಾಗಡ್ಡಿ ಲಾರಿಯಲ್ಲಿ ಚೀಲಗಳ ಮೇಲೆ ಮಲಗಿ ವಾಪಸಾದರು. ಎರಡು ದಿನ ಮನೆಯೆಲ್ಲ ಉಳ್ಳಾಗಡ್ಡಿ ನಾತ! ಆ ತಿಂಗಳು ನಾವು ಪಲ್ಯ ಅನ್ನುವುದನ್ನೇ ಮರೆತೆವು.

ಮರುವರ್ಷ ಕಾಕುವೇ ಹಣಕಾಸು ಮಂತ್ರಿ. ಕಾಕುಗೆ ಅಕ್ಷರ ಬರುತ್ತಿರಲಿಲ್ಲ. ಅವರ ಬಜೆಟ್ಟಿಗೆ ಸೂಜಿ ದಾರ ಸಾಕಿತ್ತು. ನಮ್ಮ ಕಡೆ ಪರವೂರಿಗೆ ಹೊರಟವರ ದುಡ್ಡನ್ನು ಅಂಗಿಯ ಒಳಕಿಸೆಗೆ ಹಾಕಿ ಬಾಯಿ ಹೊಲಿದುಬಿಡುತ್ತಾರಲ್ಲ, ಹಾಗೆ.

"ನೋಡ್ರಿ, ಬಿಳಿ ದಾರದ ಕಿಸೆದಾಗ ನಲವತ್ತು. ಅದು ನಿಮ್ಮ ಬಿಲ್ಲೆಗೋಳಿಗೆ. ಕೆಂಪು ದಾರದಾಗ ಇಪ್ಪತ್ತು. ಅದು ಇಬ್ಬರೂ ತಿರುಗಿ ಬರೂ ಬಸ್ಸಿಂದು. ಬಸ್ ಹತ್ತೂತನಕ ಕೆಂಪು ದಾರ ಮುಟ್ಟಿದ್ರ..."

"ಮುಟ್ಟಿದ್ರ?"

"ಮನಿಗಿ ಬರಬ್ಯಾಡ್ರಿ."

ಜೊತೆಗೆ ನನ್ನನ್ನೂ ಕಳಿಸಿದರು. ಅಣ್ಣನ ಮಗಳನ್ನು ಲಾರಿ ಹತ್ತಿಸುವ ಧೈರ್ಯ ಕಾಕಾಗೆ ಇಲ್ಲವೆಂದು ಅವರಿಗೆ ಗೊತ್ತಿತ್ತು. ಬುತ್ತಿಯನ್ನೂ ಕಟ್ಟಿಕೊಟ್ಟರು.

ಶಾಲೆಯೊಂದರ ಹಾಲಿನಲ್ಲಿ ಪ್ರದರ್ಶನ. ಮೂರನೆಯ ಮೇಜಿನಲ್ಲಿ ಮಾಲೇಗಾಂವದ ಮುದಿ ವ್ಯಾಪಾರಿ. ಅವನ ಮಖಮಲ್ಲಿನ ಮೇಲೆ ಆ ರೂಪಾಯಿ! ಕಾಕಾ ಮಸೂರ ಇಟ್ಟು ವರ್ಷ ಓದಿದರು, ಉಗುರಿನಿಂದ ಮೀಟಿ ಕಿವಿಗೆ ಹಿಡಿದರು.

"ಕಿತನಾ?"

"ಸಾಠ್. ಏಕ್ ಪೈಸಾ ಕಮ್ ನಹೀ."

ಅರವತ್ತು! ಬಿಳಿ ಕಿಸೆಯ ನಲವತ್ತು, ಕೆಂಪು ಕಿಸೆಯ ಇಪ್ಪತ್ತು, ಹೇಳಿ ಮಾಡಿಸಿದ ಹಾಗೆ! ಕಾಕಾ ಕೈ ಅಂಗಿಯೊಳಗೆ ಹೋಯಿತು. ಕೆಂಪು ದಾರದ ಮೇಲೆ ಎಷ್ಟೋ ಹೊತ್ತು ನಿಂತಿತು.

ನನಗೇ ತಡೆಯಲಾಗಲಿಲ್ಲ. "ಬಿಚ್ಚರಿ ಕಾಕಾ, ಲಾರಿದಾಗ ಹೋಗೂಣು. ನಾ ಕಾಕುಗ ಹೇಳಂಗಿಲ್ಲ."

ಕಾಕಾ ನನ್ನ ಮುಖ ನೋಡಿದರು, ರೂಪಾಯಿ ನೋಡಿದರು. "ಬ್ಯಾಡವ್ವಾ. ಆಕಿ ನಂಬಿ ಹೊಲದಾಳ" ಎಂದು ಕೈ ಹೊರಗೆ ತೆಗೆದರು. ಬೇರೆ ಯಾವ ಮೇಜನ್ನೂ ನೋಡಲಿಲ್ಲ. ಬಸ್ಸಿನಲ್ಲಿ ಬುತ್ತಿಯನ್ನೂ ಮುಟ್ಟಲಿಲ್ಲ.

ಮನೆಯಲ್ಲಿ ಕಾಕು ಅಂಗಿ ತಿರುವಿ ನೋಡಿದರು. ಬಿಳಿ ದಾರ ಹೊಲಿದದ್ದು ಹೊಲಿದ ಹಾಗೇ ಇತ್ತು. "ಯಾಕ್ರಿ? ಆ ರೂಪಾಯಿ ಸಿಗಲಿಲ್ಲೇನು?"

"ಸಿಕ್ಕಿತ್ತು. ಅರವತ್ತಂತ."

ಕಾಕು ಮುಖ ಕಪ್ಪಿಟ್ಟಿತು. ಅಂಗಿಯ ಕೆಳ ಅಂಚು ತಿರುವಿ, ಅಲ್ಲಿದ್ದ ನೀಲಿ ಹೊಲಿಗೆಯನ್ನು ಹಲ್ಲಿನಿಂದ ಕಡಿದರು. ಒಳಗಿಂದ ಬಂತು, ಆಗಷ್ಟೇ ಹೊಸದಾಗಿ ಬಂದಿದ್ದ ಇಪ್ಪತ್ತರ ನೋಟು!

"ಮೊದಲೇ ಹೇಳಿದ್ರ ಬಾಗಲದಾಗೇ ಮುಗಸ್ತಿದ್ರಿ. ಅದಕ್ಕ ಮುಚ್ಚಿಟ್ಟೆ. ಮನಸಿಗಿ ಬಂದದ್ದು ಸಿಕ್ರ ನೀವು ಇದ್ದಬದ್ದ ಹೊಲಿಗಿ ಎಲ್ಲಾ ಹುಡುಕಿ ಬಿಚ್ಚವ್ರೇ, ಆವಾಗ ಸಿಗ್ತದ ಅಂತ ತಿಳಿದಿದ್ದೆ. ನನ್ನ ಮಾತು ಇಷ್ಟು ಕೇಳ್ತೀರಿ ಅಂತ ಯಾರಿಗಿ ಗೊತ್ತಿತ್ತು!" ಕಾಕು ಅಳುತ್ತಲೇ ಬೈದರು. ಕಾಕಾ ನೋಟು ಈಸಿಕೊಂಡು ಒಳಗೆ ಹೋದರು.

ಮುಂದಿನ ವರ್ಷವೂ ಹೋದೆವು. ಅದೇ ಮುದುಕ, ಅದೇ ರೂಪಾಯಿ. "ಸಾಬ್, ಇಸ್ ಬಾರ್ ಚಾಲೀಸ್!" ಬಿಳಿ ಕಿಸೆಯಲ್ಲಿ ಸರಿಯಾಗಿ ನಲವತ್ತಿತ್ತು. ಕಾಕಾ ರೂಪಾಯಿಯನ್ನು ಒಮ್ಮೆ ಮೀಟಿ, ಸಪ್ಪಳ ಕೇಳಿ, ಮಖಮಲ್ಲಿನ ಮೇಲೆ ವಾಪಸಿಟ್ಟರು.

"ನಡಿಯವ್ವಾ. ಆ ಜಾಗಾ ತುಂಬ್ಯಾದ."

ಯಾವಾಗ ತುಂಬಿತು? ಮನೆಗೆ ಬಂದವಳೇ ರಟ್ಟಿನ ಪುಸ್ತಕ ತೆಗೆದೆ. ಆ ಕಿಂಡಿಯಲ್ಲಿ, ಸಣ್ಣಗೆ ಮಡಚಿದ ಇಪ್ಪತ್ತರ ನೋಟು. ಅದಕ್ಕೆ ಸುತ್ತಿದ ನೀಲಿ ದಾರ. ಬೆಲೆ ಬರೆಯುವ ಕಡೆ, "ಮನಿಯಾಕಿ ಕೊಟ್ಟದ್ದು" ಎಂದಷ್ಟೇ ಇತ್ತು. ಸಪ್ಪಳ ಬಾರದ ದುಡ್ಡು ಆ ಪುಸ್ತಕದಲ್ಲಿ ಅದೊಂದೇ.

ಅಡುಗೆಮನೆಯಿಂದ ಕಾಕು ಗೊಣಗುತ್ತಿದ್ದರು: "ಹೋದ ವರ್ಷದ ಇಪ್ಪತ್ತು ರೂಪಾಯಿ ಎಲ್ಲಿ ಹಾಳು ಮಾಡಿದ್ರೋ, ಆ ದೇವರಿಗೇ ಗೊತ್ತು!"

ನಾನು ಪುಸ್ತಕ ಒಯ್ದು ಅವರ ತೊಡೆಯ ಮೇಲೆ ತೆರೆದಿಟ್ಟೆ. ಅಕ್ಷರ ಓದಲು ಅವರಿಗೆ ಬರುತ್ತಿರಲಿಲ್ಲ. ದಾರದ ಗುರುತು ಸಿಕ್ಕಿತು.