ಹಿಂದೆ ತಿರುಗದ ಸುತ್ತಿಗೆ ವೀರ

ಆ ಭಾನುವಾರ ಕರೆಂಟು ಹೋಗಬಹುದಿತ್ತು. ಅದಕ್ಕಿಂತ ಕೆಟ್ಟದಾಗಿ, ಕರೆಂಟು ಹೋಗದೆ ವೋಲ್ಟೇಜು ಏರಿ, ಮೂವತ್ತು ವರ್ಷದ ಹಳೆಯ ವಿಡಿಯೋ ಗೇಮ್ ಮಿಷನ್ನು ನಮ್ಮ ಹೊಸ ಟಿವಿಯನ್ನೂ ಜೊತೆಗೆ ಕರೆದುಕೊಂಡು ಸುಟ್ಟುಹೋಗಬಹುದಿತ್ತು. ಹಳೆಯ ಮೂರು ಬಣ್ಣದ ವೈರುಗಳನ್ನು ಸಿಕ್ಕಿಸುವ ತೂತುಗಳೇ ಹೊಸ ಟಿವಿಗೆ ಇಲ್ಲದಿರಬಹುದಿತ್ತು. ಮಿಷನ್ನು ತರುತ್ತಿದ್ದ ಚನ್ನಗಿರಿಯ ರುದ್ರೇಶಿ ಸಾಸ್ವೆಹಳ್ಳಿಯಲ್ಲಿ ಟೀ ಕುಡಿಯಲು ಇಳಿದು ಚೀಲವನ್ನು ಬಸ್ಸಿಗೇ ಒಪ್ಪಿಸಬಹುದಿತ್ತು. ಕ್ಯಾಸೆಟ್ಟಿನೊಳಗೆ ಇರುವೆಗಳು ಸಂಸಾರ ಹೂಡಿರಬಹುದಿತ್ತು. ಎಲ್ಲಕ್ಕಿಂತ ಭಯಂಕರವೆಂದರೆ, ನ್ಯಾಮತಿಯಿಂದ ನಮ್ಮ ಮಾವನವರು ಹೇಳದೆ ಕೇಳದೆ ಬಂದು, ನಲವತ್ತೇಳು ವರ್ಷದ ಅಳಿಯ ಚಾಪೆಯ ಮೇಲೆ ಕೂತು ಟಿವಿಯೊಳಗಿನ ಬಾವಲಿಗಳನ್ನು ಹೊಡೆಯುವುದನ್ನು ಕಣ್ಣಾರೆ ನೋಡಬಹುದಿತ್ತು.

ನನ್ನ ಸ್ವಭಾವವೇ ಹೀಗೆ. ಹೊನ್ನಾಳಿಯ ಒಂದು ಹೈಸ್ಕೂಲಿನಲ್ಲಿ ಗುಮಾಸ್ತನಾಗಿರುವ ನಾನು ಬೆಳಿಗ್ಗೆ ಮನೆಗೆ ಬೀಗ ಹಾಕಿ ಬೀದಿಯ ತಿರುವಿಗೆ ಹೋಗುವಷ್ಟರಲ್ಲಿ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ವಾಪಸು ಬರುತ್ತೇನೆ. ಮತ್ತೆ ಹೋಗಿ ನಲ್ಲಿಯ ನೆನಪಾಗಿ ಬರುತ್ತೇನೆ. ಮೂರನೆಯ ಸಲ ಬರುವುದು ಬೀಗ ಜಗ್ಗಿ ನೋಡಲು. ಇಂಥ ಅಂಜುಬುರುಕ ಸಿಂಹವಾಗುವ ಜಾಗ ಜಗತ್ತಿನಲ್ಲಿ ಒಂದೇ ಇತ್ತು: ಫೋನಿನಲ್ಲಿರುವ ನಮ್ಮ ‘ಸುತ್ತಿಗೆ ಬಳಗ’. ಅದಕ್ಕೆ ನಾನು ಅಡ್ಮಿನ್. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ನನ್ನ ಮಾತಿನಂತೆ ಒಂದು ಕುರ್ಚಿಯೂ ಅಲ್ಲಾಡುವುದಿಲ್ಲ. ಬಳಗದಲ್ಲಿ ಮಾತ್ರ ನಾನು ಒಂದು ಸಾಲು ಬರೆದರೆ ಇಪ್ಪತ್ತು ಹೆಬ್ಬೆರಳು ಮೇಲೇಳುತ್ತಿದ್ದವು.

ಬಳಗದವರೆಲ್ಲ ಚಿಕ್ಕಂದಿನಲ್ಲಿ ಒಂದೇ ಗೇಮ್ ಆಡಿ ಕೆಟ್ಟವರು. ಅದರ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ನಾಯಕನ ಕೈಯಲ್ಲಿ ಸುತ್ತಿಗೆ ಇದ್ದುದರಿಂದ ನಮಗೆ ಅದು ಸುತ್ತಿಗೆ ಗೇಮ್. ಹೊನ್ನಾಳಿಯಲ್ಲಿ ಅದು ಇದ್ದದ್ದು ಈರಣ್ಣನ ವಿಡಿಯೋ ಗೇಮ್ ಅಂಗಡಿಯಲ್ಲಿ ಮಾತ್ರ. ಕೈಯಲ್ಲಿ ಹಿಡಿಯುವ ಗುಂಡಿಪೆಟ್ಟಿಗೆಗೆ ನಾವು ರಿಮೋಟ್ ಎನ್ನುತ್ತಿದ್ದೆವು. ಬಲಕ್ಕೆ ಒತ್ತಿದರೆ ಸುತ್ತಿಗೆಯವನು ಮುಂದೆ ಓಡುತ್ತಿದ್ದ. ಎಡಕ್ಕೆ ಒತ್ತಿದರೆ ಕದಲುತ್ತಿರಲಿಲ್ಲ. ಯಾಕೆಂದು ಕೇಳಿದ್ದಕ್ಕೆ ಈರಣ್ಣ, ಬೀಡಿ ಬಾಯಿಂದ ತೆಗೆಯದೆ, “ಹೀರೋ ಅಂದ್ರೆ ಹಿಂದಕ್ಕೆ ತಿರುಗ್ತಾನೇನಲೇ? ಮುಂದಕ್ಕೆ ಆಡಾಕೆ ಕಲೀರಿ” ಎಂದಿದ್ದ. ಆ ಮಾತು ನನ್ನ ಎದೆಯಲ್ಲಿ ಶಾಸನದಂತೆ ಕೂತಿತು. ಎಡಗುಂಡಿ ಇರುವುದು ಮನುಷ್ಯನ ಚಪಲವನ್ನು ಪರೀಕ್ಷಿಸಲು ಎಂದು ದೊಡ್ಡವನಾದ ಮೇಲೆ ಒಂದು ವ್ಯಾಖ್ಯಾನವನ್ನೂ ಬರೆದು ಬಳಗಕ್ಕೆ ಹಾಕಿದ್ದೆ.

ಹೀಗಿರುವಾಗ ಆ ಗೇಮನ್ನು ಹೊಸ ಮಿಷನ್ನಿಗೆ ಪೋರ್ಟ್ ಮಾಡಿದ್ದಾರೆಂಬ ಸುದ್ದಿ ಬಂತು. ಪೋರ್ಟ್ ಎಂದರೆ ಅಲ್ಲಿಯವರೆಗೆ ನಮಗೆ ಗೊತ್ತಿದ್ದದ್ದು ಸಿಗ್ನಲ್ ಸಿಗದ ಮೊಬೈಲ್ ನಂಬರನ್ನು ಬೇರೆ ಕಂಪನಿಗೆ ದಾಟಿಸುವುದು. ಗೇಮನ್ನೂ ಹಾಗೆ ದಾಟಿಸುತ್ತಾರಂತೆ. ಆದರೆ ನಂಬರು ಬದಲಾಗುವುದಿಲ್ಲ, ಗೇಮ್ ಬದಲಾಗುತ್ತದೆ. ಹಳ್ಳಕ್ಕೆ ಬಿದ್ದರೆ ಮೊದಲಿನಿಂದ ಆಡಬೇಕಾಗಿಲ್ಲವಂತೆ, ಬಿದ್ದಲ್ಲಿಂದಲೇ ಎದ್ದು ಹೋಗಬಹುದಂತೆ. ಇಷ್ಟನ್ನು ಸಹಿಸಬಹುದಿತ್ತು. ಆದರೆ ಸುತ್ತಿಗೆಯವನು ಹಿಂದಕ್ಕೆ ತಿರುಗುತ್ತಾನಂತೆ! ಶುರುವಿನಲ್ಲೇ ಹತ್ತು ಹೆಜ್ಜೆ ಹಿಂದೆ ನಡೆದರೆ ಒಂದು ಗುಹೆ, ಅದರೊಳಗೆ ಹತ್ತು ಜೀವ ಪುಕ್ಕಟೆಯಂತೆ! ನಾನು ಕೆರಳಿದೆ. ‘ಇದು ಪೋರ್ಟ್ ಅಲ್ಲ, ಪೋಸ್ಟ್‌ಮಾರ್ಟಮ್. ಎರಡು ಮಹಡಿ ಹತ್ತಲು ಲಿಫ್ಟ್ ಹುಡುಕುವ ಈಗಿನವರ ಮೈಗಳ್ಳತನಕ್ಕೆಂದೇ ಕೊರೆದ ಗುಹೆ’ ಎಂದು ಬರೆದೆ. ಹೊಸದನ್ನು ನಾನು ಆಡಿರಲಿಲ್ಲ ಎಂಬುದು ನಿಜ. ಹಳಸಿದ ಸಾರನ್ನು ಉಂಡೇ ತಿಳಿಯಬೇಕೆ?

ಹೊನ್ನಾಳಿಯವರೆಲ್ಲ ನನ್ನ ಬೆನ್ನಿಗೆ ನಿಂತರು. ನ್ಯಾಮತಿಯವರೂ ಈರಣ್ಣನ ಅಂಗಡಿಗೇ ಬಂದು ಆಡಿದವರಾದ್ದರಿಂದ ನಮ್ಮ ಪಕ್ಷವೇ. ಚನ್ನಗಿರಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ರುದ್ರೇಶಿ ಮಾತ್ರ, ತಮ್ಮೂರಲ್ಲಿ ಸುತ್ತಿಗೆಯವನು ಹಿಂದೆ ತಿರುಗುತ್ತಿದ್ದ ಎಂದ. ನಿಮ್ಮೂರಿನದು ಡೂಪ್ಲಿಕೇಟ್ ಕ್ಯಾಸೆಟ್ ಎಂದು ಬಾಯಿ ಮುಚ್ಚಿಸಿದೆ. ಜಗಳೂರಿನ ಲೈನ್‌ಮನ್ ತಿಪ್ಪೇಸ್ವಾಮಿಯ ತಕರಾರು ಇನ್ನೂ ವಿಚಿತ್ರ. ಮೂಲ ಗೇಮ್ ಕಪ್ಪು ಬಿಳುಪಿನದು, ಹೊಸದರಲ್ಲಿ ಬಣ್ಣ ಬಳಿದು ಹಾಳು ಮಾಡಿದ್ದಾರೆ ಎಂದು ಅವನ ಸಂಕಟ. ನಾನು ಬಿಡುತ್ತೇನೆಯೆ? ‘ಅದು ನಿಮ್ಮೂರ ಟಿವಿ ಕಣಪ್ಪಾ, ಗೇಮ್ ಅಲ್ಲ!’ ಎಂದು ಬರೆದೆ. ಆ ಸಾಲಿಗೆ ಬಿದ್ದ ನಗುಮುಖಗಳನ್ನು ಎಣಿಸುತ್ತ ಎರಡು ದಿನ ಊಟ ರುಚಿಸಿತು.

ಅಷ್ಟರಲ್ಲಿ ರುದ್ರೇಶಿಯ ದೊಡ್ಡಪ್ಪ ಆ ಕಾಲದಲ್ಲೇ ಮುಂಬೈಯಿಂದ ತಂದಿದ್ದ ಅಸಲಿ ಮಿಷನ್ನು, ಅಸಲಿ ಕ್ಯಾಸೆಟ್ಟು ಡಬ್ಬಿಯ ಸಮೇತ ಅಟ್ಟದಲ್ಲಿ ಸಿಕ್ಕಿತು. ಹುಮ್ಮಸ್ಸಿನಲ್ಲಿ ನಾನು ಪಣ ಹೂಡಿಬಿಟ್ಟೆ: ‘ಅಸಲಿಯಲ್ಲಿ ಸುತ್ತಿಗೆಯವನು ಒಂದೇ ಒಂದು ಹೆಜ್ಜೆ ಹಿಂದಿಟ್ಟರೆ ಅಡ್ಮಿನ್ ಪಟ್ಟ ಕಪ್ಪು ಬಿಳುಪಿನ ತಿಪ್ಪೇಸ್ವಾಮಿಗೆ.’

ಭಾನುವಾರ ರುದ್ರೇಶಿ, ತಿಪ್ಪೇಸ್ವಾಮಿ ಇಬ್ಬರೂ ನಮ್ಮ ಮನೆಗೆ ಬಂದರು. ರುದ್ರೇಶಿ ಕ್ಯಾಸೆಟ್ಟನ್ನು ಉಫ್ ಎಂದು ಊದಿ ಸಿಕ್ಕಿಸಿದ. ಟಿವಿಯಲ್ಲಿ ಸುತ್ತಿಗೆಯವನು ಬಂದು ನಿಂತ; ಬಣ್ಣಬಣ್ಣವಾಗಿ. ನಾನು ತಿಪ್ಪೇಸ್ವಾಮಿಯ ಮುಖ ನೋಡಿ ಮೆಲ್ಲಗೆ ಕೆಮ್ಮಿದೆ. ರಿಮೋಟ್ ಹಿಡಿದು ಮೂರು ಹಳ್ಳ ದಾಟಿದೆ, ನಾಲ್ಕು ಬಾವಲಿ ಕೊಂದೆ. ಮೂವತ್ತು ವರ್ಷದ ಹಿಂದಿನ ಅಭ್ಯಾಸ. ಹೆಬ್ಬೆರಳು ಎಡಕ್ಕೆ ಹೋಗಲೇ ಇಲ್ಲ.

“ಗುರುವೇ, ಎಡಕ್ಕೆ ಒತ್ರಿ” ಎಂದ ರುದ್ರೇಶಿ.

“ಮೊದಲು ಆಟ ನೋಡ್ರಿ” ಎಂದೆ. ಐದನೆಯ ಬಾವಲಿ ನನ್ನನ್ನು ಮುಗಿಸಿತು. ಆಟ ಮತ್ತೆ ಮೊದಲಿನಿಂದ ಶುರುವಾಯಿತು.

ಅಷ್ಟರಲ್ಲಿ ನನ್ನ ಹೆಂಡತಿ ಗಿರಿಜಾ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ನನ್ನ ಕೈಯೊಳಗಿನ ರಿಮೋಟನ್ನು ಬಗ್ಗಿ ನೋಡಿದಳು.

“ರೀ, ಈ ಕಡೆ ಬಾಣ ಯಾಕೈತೆ ಮತ್ತೆ?”

ಮೂವತ್ತು ವರ್ಷದಲ್ಲಿ ಹೊನ್ನಾಳಿಯ ಒಬ್ಬ ಗಂಡಸೂ ಈರಣ್ಣನ ಉತ್ತರದ ಮೇಲೆ ಮತ್ತೊಮ್ಮೆ ಕೇಳದ ಪ್ರಶ್ನೆ. “ಅದು ಪರೀಕ್ಷೆಗೆ” ಎಂದೆ.

“ಏನ್ ಪರೀಕ್ಷೆನೋ, ಕೊಡ್ರಿ ಇಲ್ಲಿ.” ಕಿತ್ತುಕೊಂಡು ಒತ್ತಿದಳು.

ಸುತ್ತಿಗೆಯವನು ತಿರುಗಿದ. ಏನೂ ಸಂಕೋಚವಿಲ್ಲದೆ, ಸಂತೆಗೆ ಹೋದವನು ಚೀಲ ಮರೆತು ವಾಪಸು ಬಂದಂತೆ, ಹತ್ತು ಹೆಜ್ಜೆ ಹಿಂದೆ ನಡೆದ. ಗುಹೆ ಇತ್ತು. ಒಳಗೆ ಹೋದ. ಹತ್ತು ಜೀವ ಟಣಟಣ ಎಂದು ಬಂದು ಸೇರಿದವು. ನನ್ನ ಹೈಸ್ಕೂಲಿನ ಮೂರು ಬೇಸಿಗೆ ರಜೆಗಳು ನೆನಪಾದವು. ಒಂದೊಂದು ಜೀವಕ್ಕೆ ಈರಣ್ಣನ ಮುಂದೆ ಅಂಗಲಾಚಿದ್ದು ನೆನಪಾಯಿತು.

ತಿಪ್ಪೇಸ್ವಾಮಿ ಬಜ್ಜಿಯನ್ನು ಪೂರ್ತಿ ಅಗಿದು, ನುಂಗಿ, ನೀರು ಕುಡಿದು ಹೇಳಿದ: “ಅಡ್ಮಿನ್ ಸಾಹೇಬ್ರೇ, ಅದು ನಿಮ್ಮೂರ ರಿಮೋಟು ಕಣಪ್ಪಾ. ಗೇಮ್ ಅಲ್ಲ.”

“ಅಲ್ಲಾ, ಗುಂಡಿ ಕೆಟ್ಟಿರಬೌದು ಅಂತ ಅಷ್ಟು ಹುಡುಗ್ರಾಗೆ ಒಬ್ಬನಿಗೂ ಹೊಳೀಲಿಲ್ವ?” ಎಂದು ಗಿರಿಜಾ ನಕ್ಕಳು. “ಗ್ಯಾಸು, ನಲ್ಲಿ, ಬೀಗ ಅಂತ ದಿನಾ ಮೂರು ಸಲ ಹಿಂದಕ್ಕೆ ಬರೋರು ನೀವು. ಆ ಪಾಪದವನು ಒಂದ್ ಸಲ ತಿರುಗಿದ್ರೆ ನಿಮಗೇನು ಕಷ್ಟ?”

ಈ ಅಸಲಿಯೂ ಡೂಪ್ಲಿಕೇಟ್ ಇರಬಹುದೆಂದು ವಾದಿಸಲು ಬಾಯಿ ತೆರೆದೆ. ಮೂವರೂ ನನ್ನನ್ನೇ ನೋಡುತ್ತಿದ್ದರು; ಬಾಯಿಗೆ ಮಂಡಕ್ಕಿ ಹಾಕಿಕೊಂಡೆ. ತಿಪ್ಪೇಸ್ವಾಮಿ ನನ್ನ ಎದುರೇ ಅಡ್ಮಿನ್ ಆದ. ಅವನ ಮೊದಲ ಆಜ್ಞೆ, ಪೋರ್ಟಿನ ಬಗ್ಗೆ ಹೊನ್ನಾಳಿಯವರು ಒಂದು ತಿಂಗಳು ಬರೆಯಕೂಡದು.

ಕರೆಂಟು ಹೋಗಲಿಲ್ಲ. ಟಿವಿ ಸುಡಲಿಲ್ಲ. ವೈರುಗಳಿಗೆ ತೂತುಗಳು ಇದ್ದವು, ಇರುವೆಗಳು ಇರಲಿಲ್ಲ. ಸಾಸ್ವೆಹಳ್ಳಿಯಲ್ಲಿ ಇಳಿದ ರುದ್ರೇಶಿ ಚೀಲವನ್ನು ಮಗುವಿನಂತೆ ಎತ್ತಿಕೊಂಡೇ ಟೀ ಕುಡಿದನಂತೆ. ಮಾವನವರು ನ್ಯಾಮತಿಯಲ್ಲೇ ನೆಮ್ಮದಿಯಾಗಿ ನಿದ್ದೆ ಮಾಡಿದರು. ಅಷ್ಟೊಂದು ಅನಾಹುತಗಳನ್ನು ಮುಂಚಿತವಾಗಿ ಚಿಂತಿಸಿ ತಯಾರಾಗಿದ್ದ ನನ್ನನ್ನು ಕೆಡವಿದ್ದು ಒಂದೇ ಒಂದು ಸಣ್ಣ ಸಂಗತಿ: ರುದ್ರೇಶಿ ತಂದ ರಿಮೋಟಿನ ಎಡಗುಂಡಿ ಕೆಟ್ಟಿರಲಿಲ್ಲ.