ಡ್ರಮ್ಮಣ್ಣನ ಎರಡು ಕಿಲೋ

ಉಗ್ರಾಣದ ತಕ್ಕಡಿಯ ಮೇಲೆ ದಿನಾ ಈರುಳ್ಳಿ ಮೂಟೆ ಕೂರುತ್ತಿತ್ತು. ಆ ಬೆಳಿಗ್ಗೆ ಡ್ರಮ್ಮಣ್ಣ ಹತ್ತಿ ನಿಂತಿದ್ದ. ಮುಳ್ಳು ಎಂಬತ್ತಕ್ಕೆ ಹೋಗಿ ನಿಂತಿತು.

"ಇನ್ನೂ ಎರಡು ಕಿಲೋ ಜಾಸ್ತಿ," ಎಂದ ಉಗ್ರಾಣದವನು.

ಡ್ರಮ್ಮಣ್ಣ ಸೈನಿಕರ ಮೆಸ್ಸಿನ ಅಡುಗೆ ಹವಾಲ್ದಾರ. ಇಪ್ಪತ್ತೊಂದು ವರ್ಷ ಪ್ರತಿ ಪಾತ್ರೆಯ ರುಚಿ ನೋಡಿ ನೋಡಿ ಡ್ರಮ್ಮಿನಂಥ ಹೊಟ್ಟೆಯನ್ನೂ ಆ ಹೆಸರನ್ನೂ ಸಂಪಾದಿಸಿದವನು. ಅವನ ಎತ್ತರಕ್ಕೂ ವಯಸ್ಸಿಗೂ ಸೇನೆ ಗೊತ್ತು ಮಾಡಿದ ತೂಕ ಎಪ್ಪತ್ತೆಂಟು. ಮೊದಲು ಇವನು ಎಂಬತ್ತೊಂಬತ್ತು ಇದ್ದ. ಇಳಿಸದಿದ್ದರೆ ಬಡ್ತಿ ಇಲ್ಲವೆಂದು ಮೂರು ತಿಂಗಳ ಗಡುವು ಕೊಟ್ಟಿದ್ದರು. ಅದು ಇವತ್ತು ಸಂಜೆ ನಾಲ್ಕಕ್ಕೆ ಮುಗಿಯುತ್ತಿತ್ತು. ಬಡ್ತಿಯ ಜೊತೆ ಎರಡು ಕೋಣೆಯ ಮನೆ ಸಿಗುತ್ತಿತ್ತು. ಮದುವೆಯಾಗಿ ಹದಿನೆಂಟು ವರ್ಷವಾದರೂ ಅವನು ರಜೆಯಲ್ಲಷ್ಟೇ ಸಂಸಾರ ಮಾಡಿದ್ದ.

ಒಂಬತ್ತು ಕಿಲೋ ಸಲೀಸಾಗಿ ಇಳಿದಿತ್ತು. ಬೆಳಗಿನ ಎರಡು ಸುತ್ತು ಓಟದ ಫಲವೆಂದು ಅವನ ನಂಬಿಕೆ. ಅದರಲ್ಲಿ ಒಂದು ಸುತ್ತು ನಡಿಗೆ.

ಸುದ್ದಿ ತಿಳಿದು ಮೊದಲು ಬಂದವನು ಕ್ಷೌರಿಕ. "ಮೀಸೆಗೂ ತೂಕ ಇರಲ್ವಾ ಅಣ್ಣ?" ಎನ್ನುತ್ತ ಮೀಸೆಯನ್ನೂ ತಲೆಯನ್ನೂ ನುಣ್ಣಗೆ ಮಾಡಿಟ್ಟ. ಡ್ರಮ್ಮಣ್ಣ ಸಿಪ್ಪೆ ಸುಲಿದ ಆಲೂಗಡ್ಡೆಯಂತಾದ. ಮುಳ್ಳು ಮಾತ್ರ ಅಲುಗಲಿಲ್ಲ.

"ನೀರು ಮುಟ್ಟಲೇಬೇಡ," ಎಂದ ಲಾರಿ ಡ್ರೈವರ್.

ಅದೇ ಕಷ್ಟವಾಗಿದ್ದು. ಈಚೆಗೆ ಕೊಡ ಕುಡಿದರೂ ಅವನ ದಾಹ ತೀರುತ್ತಿರಲಿಲ್ಲ. ಗಂಟೆಗೆರಡು ಸಲ ಬಚ್ಚಲ ಕಡೆ ಓಡಬೇಕಾಗುತ್ತಿತ್ತು. ಅವನು ಓಡಿದಾಗಲೆಲ್ಲ ಉಗ್ರಾಣದವನು, "ಹೋಗಲಿ, ಇನ್ನೊಂದು ಪಾವು ಕಮ್ಮಿಯಾಯ್ತು," ಎಂದು ಬೆನ್ನು ತಟ್ಟುತ್ತಿದ್ದ.

ಮಧ್ಯಾಹ್ನ ಡ್ರೈವರ್ ಅವನಿಗೆ ಎರಡು ಕಂಬಳಿ ಸುತ್ತಿ, ಬಿಸಿಲಿನಲ್ಲಿ ನಿಂತಿದ್ದ ಲಾರಿಯೊಳಗೆ ಕೂರಿಸಿ ಗಾಜು ಏರಿಸಿದ. "ಕಾಲು ಗಂಟೆ ಬೆವರು, ಸಾಕು." ಅಷ್ಟರಲ್ಲಿ ಸಾಹೇಬರ ಕರೆ ಬಂದು ಡ್ರೈವರ್ ಓಡಿದವನು ಇವನನ್ನು ಮರೆತೇಬಿಟ್ಟ. ಆ ಹಳೇ ಲಾರಿಯ ಬಾಗಿಲು ಒಳಗಿನಿಂದ ತೆರೆಯುತ್ತಿರಲಿಲ್ಲ, ಏರಿಸಿದ ಗಾಜೂ ಸಿಕ್ಕಿಹಾಕಿಕೊಂಡಿತ್ತು. ಮುಕ್ಕಾಲು ಗಂಟೆಯ ಮೇಲೆ, ಗಾಜಿಗೆ ಬಡಿಯುವ ಕೈಯೊಂದು ಕ್ಷೌರಿಕನ ಕಣ್ಣಿಗೆ ಬಿತ್ತು. ಹೊರಗೆಳೆದಾಗ ಡ್ರಮ್ಮಣ್ಣ ಹಬೆಯಲ್ಲಿ ಬೆಂದವನಂತೆ ಕುಸಿದು ಕೂತ.

"ನೀರು..."

"ಇನ್ನರ್ಧ ಗಂಟೆ ತಡಕೋ ಅಣ್ಣ. ಅತ್ತಿಗೆ ಮುಖ ನೆನೆಸ್ಕೋ," ಎಂದ ಕ್ಷೌರಿಕ.

ಅವನು ನೆನೆಸಿಕೊಂಡ, ತಡೆದುಕೊಂಡ.

ನಾಲ್ಕು ಗಂಟೆಗೆ ಆಸ್ಪತ್ರೆಯ ತೂಕದ ಯಂತ್ರ ಎಪ್ಪತ್ತೇಳೂವರೆ ತೋರಿಸಿತು. ಬಾಗಿಲಲ್ಲಿ ಇಣುಕುತ್ತಿದ್ದ ಮೂವರೂ ಚಪ್ಪಾಳೆ ತಟ್ಟಿದರು. ಡಾಕ್ಟರಮ್ಮ ಮಾತ್ರ ಅವನ ಒಣಗಿದ ನಾಲಿಗೆಯನ್ನೇ ನೋಡುತ್ತಿದ್ದರು.

"ಮೂರು ತಿಂಗಳಲ್ಲಿ ಇಷ್ಟೊಂದು ಹೇಗೆ ಇಳಿಸಿದ್ರಿ?"

"ಓಡಿದೆ ಮೇಡಂ."

"ಊಟ ಕಮ್ಮಿ ಮಾಡಿದ್ರಾ?"

"ಸುಳ್ಳು ಹೇಳಲ್ಲ. ಮೊದಲಿಗಿಂತ ಜಾಸ್ತೀನೇ ಹಸಿವು." ಅದರ ಜೊತೆ ದಾಹ, ಬಚ್ಚಲ ಓಟ ಎಲ್ಲವನ್ನೂ ಸಾಧನೆಯ ಹಾಗೆ ವಿವರಿಸಿದ.

ಡಾಕ್ಟರಮ್ಮ ಅವನ ಬೆರಳು ಚುಚ್ಚಿದರು. ಅಂಗೈಯಗಲದ ಯಂತ್ರದಲ್ಲಿ ನಾನೂರ ಮೂವತ್ತು ಎಂದು ಬಂತು.

"ಇದು ಯಾವ ತೂಕ ಮೇಡಂ?"

"ತೂಕ ಅಲ್ಲಪ್ಪ, ರಕ್ತದಲ್ಲಿರೋ ಸಕ್ಕರೆ." ಅವರು ಕುರ್ಚಿ ಹತ್ತಿರ ಎಳೆದುಕೊಂಡರು. "ಇಷ್ಟು ವರ್ಷ ಹೊಟ್ಟೆ ಬೊಜ್ಜು ಈ ಕಾಯಿಲೆಗೆ ದಾರಿ ಮಾಡ್ಕೊಡ್ತಾ ಇತ್ತು. ಈಗ ಅದು ಬಂದು ನಿಮ್ಮ ಮೈಯನ್ನ ಕರಗಿಸ್ತಾ ಇದೆ. ನೀವು ಇಳಿಸಿದ್ದಲ್ಲ. ಅದರ ಮೇಲೆ ಇವತ್ತು ನೀರೂ ಕುಡಿದಿಲ್ಲ. ಇನ್ನೆರಡು ಗಂಟೆ ಹೋಗಿದ್ರೆ ಪ್ರಜ್ಞೆ ತಪ್ತಿತ್ತು."

"ಬಡ್ತಿ?"

"ತೂಕದಲ್ಲಿ ಪಾಸು. ಆರೋಗ್ಯದಲ್ಲಿ ಇಲ್ಲ. ಸಕ್ಕರೆ ಹತೋಟಿಗೆ ಬರಲಿ, ಆಮೇಲೆ ನೋಡೋಣ. ಈಗ ಮಲಗಿ."

ಚಪ್ಪಾಳೆ ತಟ್ಟಿದ ಮೂವರೂ ಗೋಡೆ ನೋಡುತ್ತ ನಿಂತರು. ಆಮೇಲೆ ಡ್ರೈವರ್ ಲೋಟದಲ್ಲಿ ನೀರು ತಂದು, ಅವನ ಮುಖ ನೋಡದೆ, ಬಾಯಿಗೆ ಹಿಡಿದ.

ಕೈಗೆ ಗ್ಲೂಕೋಸಿಲ್ಲದ ಬರೀ ಉಪ್ಪುನೀರಿನ ಬಾಟಲಿ ಹಚ್ಚಿದ ಮೇಲೆ ಹೆಂಡತಿಯ ಫೋನು ಬಂತು.

"ತೂಕ ಏನಾಯ್ತು ರೀ?"

"ಪಾಸಾಯ್ತು."

ಆ ಕಡೆಯಿಂದ ಬಿಕ್ಕುವ ಸದ್ದು ಕೇಳಿತು. ಹದಿನೆಂಟು ವರ್ಷದಲ್ಲಿ ಅವಳು ಸಂತೋಷಕ್ಕೆ ಅತ್ತಿದ್ದು ಅವನಿಗೆ ನೆನಪಿರಲಿಲ್ಲ. ಉಳಿದ ಮಾತು ಗಂಟಲಲ್ಲೇ ಇಟ್ಟುಕೊಂಡು, ಅವಳ ಅಳು ಬೇಗ ಮುಗಿಯದಿರಲಿ ಎಂದುಕೊಳ್ಳುತ್ತ ಅವನು ಫೋನು ಹಿಡಿದು ಮಲಗಿದ್ದ.