ಶೇಂಗಾ ಇಟ್ಟು ಬಿಡಿಸಿದ ವರಸೆ

ಮಕ್ಕಳೇ, ಸಹನಾ ಚಿಕ್ಕಮ್ಮನ ಮದುವೆಯಲ್ಲಿ ಯಾರೋ "ವರಸಿ ಕೇಳೋದಿದ್ರ ಈ ಅಜ್ಜಿನ್ನ ಕೇಳ್ರಿ" ಎಂದಾಗ ಚಪ್ಪರದ ತುಂಬ ಜನ ನಕ್ಕರಲ್ಲ, ಯಾಕೆ ಎಂದು ನೀವು ಕೇಳಿದ್ದಿರಿ. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ. ಅದಕ್ಕೇ ಬರೆದು ಕೊಡುತ್ತಿದ್ದೇನೆ. ನೀವು ಓದಿ ನಕ್ಕರೂ ನನಗೆ ಕಾಣುವುದಿಲ್ಲ.

ನಾನು ಹಲವಾಗಲಿನ ಶಾಲೆಯಲ್ಲಿ ಓದಿದ್ದು ಏಳನೇ ತರಗತಿ. ಆದರೆ ಒಂದು ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ತಿಳಿದಿದ್ದೆ. ಅದೇ ವರಸೆ. ಯಾರಿಗೆ ಯಾರು ಏನಾಗಬೇಕು ಎಂಬ ಲೆಕ್ಕ. ಅಣ್ಣ-ತಂಗಿ ವರಸೆ ಬಂದರೆ ಮದುವೆ ಇಲ್ಲ. ಅತ್ತೆಯ ಮಗ, ಮಾವನ ಮಗಳು ಆದರೆ ತಾಳಿ ಕಟ್ಟಬಹುದು.

ಈ ವಿದ್ಯೆ ನನಗೆ ಮದುವೆಯ ಜೊತೆಗೇ ಬಂತು. ನಿಮ್ಮ ತಾತ ನನಗೆ ಸೋದರಮಾವ, ನಮ್ಮವ್ವನ ಕಡೇ ತಮ್ಮ. ಆಗ ನಮ್ಮಲ್ಲಿ ಹಾಗೇ ಕೊಡುತ್ತಿದ್ದರು. ತಾಳಿ ಬಿದ್ದ ಗಳಿಗೆಯಲ್ಲಿ ನನ್ನ ಅಜ್ಜಿ ನನಗೆ ಅತ್ತೆಯಾದಳು. ಅವ್ವನ ತಂಗಿ, ಅಂದರೆ ನನ್ನ ಚಿಕ್ಕಮ್ಮ, ನಾದಿನಿಯಾದಳು. ಒಬ್ಬೊಬ್ಬರಿಗೂ ಎರಡೆರಡು ನಂಟು! ಇದನ್ನೆಲ್ಲ ನಿಭಾಯಿಸಿದವಳಿಗೆ ಇನ್ಯಾವ ಲೆಕ್ಕ ಕಷ್ಟ?

ಹೋದ ವರ್ಷ ಕೊಟ್ಟೂರಿನ ನನ್ನ ತಮ್ಮ ಕೊಟ್ರಪ್ಪನ ಮಗಳು ಸಹನಾಳಿಗೆ ಸಂಬಂಧ ಕೂಡಿಬಂತು. ಹುಡುಗ ಹಗರಿಬೊಮ್ಮನಹಳ್ಳಿಯ ನೀಲಮ್ಮನ ಮಗ. ಈ ನೀಲಮ್ಮ, ನಾನು ಆಗಲೇ ಹೇಳಿದ, ನಾದಿನಿಯೂ ಆದ ನನ್ನ ಚಿಕ್ಕಮ್ಮನ ಮಗಳು. ಹುಡುಗನೂ ಹುಡುಗಿಯೂ ಒಬ್ಬರನ್ನೊಬ್ಬರು ಮೊದಲೇ ಮೆಚ್ಚಿದ್ದರು. ಮಾತು ಗಟ್ಟಿ ಮಾಡುವ ದಿನ ಬೆಳಿಗ್ಗೆ ಸಹನಾ ನನ್ನ ಕೈ ಹಿಡಿದು, "ಅತ್ತಿ, ಇದೊಂದು ಆಗಿಬಿಡ್ಲಿ. ಮತ್ತೇನೂ ಕೇಳಂಗಿಲ್ಲ ನಾನು" ಎಂದಳು.

"ನಾ ಅದೀನಲ್ಲ, ಚಿಂತಿ ಬಿಡು!" ಎಂದೆ. ಎಂಥ ಧೈರ್ಯ ನೋಡಿ ನನ್ನದು!

ಬೀಗರು ಬಂದರು. ಎಲೆ ಅಡಿಕೆಯ ತಟ್ಟೆ ನಡುವೆ ಬಂತು. ಕೊಟ್ರಪ್ಪ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ತರಲು ಹೊರಗೆ ಹೋದ. ನೀಲಮ್ಮ ಒಳಗೆ ಸಹನಾಳ ಜೊತೆ ಮಾತಾಡುತ್ತ ಕೂತಿದ್ದಳು. ನಾನು ವಾಡಿಕೆಯಂತೆ ಬಾಗಿಲ ಮರೆಯಲ್ಲಿದ್ದೆ. ಹುಡುಗನ ದೊಡ್ಡಪ್ಪ ರುದ್ರಪ್ಪನವರು ನನ್ನನ್ನು ಕರೆದರು.

"ಅಕ್ಕಾರ, ಈ ಮನಿಗೆ ನೀವು ಹಿರೇರು. ವರಸಿ ಹೆಂಗ ಕೂಡ್ತೈತಿ, ನಿಮ್ಮ ಬಾಯಿಂದ ಒಂದು ಮಾತು ಹೇಳ್ರಿ. ಎಲಿ ಅಡಿಕಿ ಹಿಡದುಬಿಡೋಣು."

ಗಂಡಸರ ನಡುವೆ ನನ್ನನ್ನು ಯಾರಾದರೂ ಏನಾದರೂ ಕೇಳಿದ್ದು ಅದೇ ಮೊದಲು. "ಕೂಡ್ತೈತ್ರಿ" ಎಂದಿದ್ದರೆ ಮುಗಿದಿತ್ತು. ಒಂದೇ ಒಂದು ಪದ! ಆದರೆ ಕೇಳಿದವರಿಗೆ ಪೂರ್ತಿ ಬಿಡಿಸಿ ಹೇಳುವುದು ಧರ್ಮವಲ್ಲವೇ?

"ನೋಡ್ರಿ, ಸಹನಾ ನನ್ನ ತಮ್ಮನ ಮಗಳು. ಅಂದ್ರ ನನಗ ಸೊಸಿ."

"ಖರೇ," ಎಂದರು ರುದ್ರಪ್ಪ.

"ನಿಮ್ಮ ನೀಲಮ್ಮ ನನ್ನ ನಾದಿನಿ ಮಗಳು. ಆಕಿನೂ ನನಗ ಸೊಸಿ."

"ಖರೇ."

"ಹಂಗಾದ್ರ ನೀಲಮ್ಮ, ಸಹನಾ ಇಬ್ಬರೂ..." ಎಂದೆ. ಲೆಕ್ಕ ಎತ್ತ ಹೊರಟಿದೆ ಎಂದು ಆಗ ಗೊತ್ತಾಯಿತು. ನಾಲಿಗೆ ಮಾತ್ರ ನಿಲ್ಲಲಿಲ್ಲ. "...ಅಕ್ಕ ತಂಗಿ ಆದ್ರು!"

ತಟ್ಟೆಯ ಮೇಲಿದ್ದ ರುದ್ರಪ್ಪನವರ ಕೈ ಹಿಂದಕ್ಕೆ ಹೋಯಿತು. "ಅಂದ್ರ ಹುಡುಗಿ ನಮ್ಮ ಹುಡುಗಗ ಚಿಕ್ಕವ್ವ ಆಗ್ತಾಳೇನ್ರಿ?"

"ಹಂಗ ಕಾಣ್ತೈತ್ರಿ," ಎಂದೆ.

ಬಂದವರು ಎದ್ದು ಚಪ್ಪಲಿ ಹುಡುಕತೊಡಗಿದರು. ಬೇರೆಯವರು ಹೇಳಿದ್ದರೆ ತಳ್ಳಿಹಾಕಬಹುದಿತ್ತು. ಹೇಳಿದವಳು ಹುಡುಗಿಯ ಸ್ವಂತ ಸೋದರತ್ತೆ!

"ಕುಂದರ್ರಿ, ಕುಂದರ್ರಿ! ಇನ್ನೊಮ್ಮೆ ಲೆಕ್ಕ ಹಾಕ್ತೀನಿ," ಎಂದು ಒಳಗೆ ಓಡಿ ಮೊರದಲ್ಲಿದ್ದ ಶೇಂಗಾಕಾಯಿ ತಂದೆ. ಉದ್ದನೆಯ ಕಾಯಿ ಗಂಡಸರು, ಗಿಡ್ಡ ಕಾಯಿ ಹೆಂಗಸರು. ಅಜ್ಜಿಯನ್ನು ಮೇಲೆ ಇಟ್ಟೆ. ಕೆಳಗೆ ಅವ್ವ, ನಾದಿನಿ, ನಿಮ್ಮ ತಾತ. ಸಾಲು ಚೆನ್ನಾಗಿ ಬರುತ್ತಿತ್ತು. ಬಗ್ಗಿ ನೋಡುತ್ತಿದ್ದ ರುದ್ರಪ್ಪನವರು ಯೋಚನೆಯಲ್ಲೇ ಒಂದು ಕಾಯಿ ಎತ್ತಿಕೊಂಡರು. ಪಟ್ಟನೆ ಒಡೆದು ಬಾಯಿಗೆ ಹಾಕಿಕೊಂಡರು.

"ಅಯ್ಯಯ್ಯೋ! ಅವರು ನಮ್ಮ ಮನಿಯವರ್ರೀ!"

ಅಗಿಯುತ್ತಿದ್ದ ಬಾಯಿ ನಿಂತಿತು. ತೀರಿಕೊಂಡವರನ್ನು ನಾನು ಎರಡನೇ ಸಲ ಕಳೆದುಕೊಂಡಿದ್ದೆ. ಪಾಪ, ರುದ್ರಪ್ಪನವರು ಸಿಪ್ಪೆಯನ್ನು ಮರಳಿ ಅದೇ ಜಾಗದಲ್ಲಿಟ್ಟು, "ತಪ್ಪಾತ್ರಿ. ಸದ್ಯಕ್ಕ ಇದನ್ನ ಇಟ್ಕೊಳ್ರಿ" ಎಂದರು.

ಗಾಬರಿಯಲ್ಲಿ ನನ್ನ ಕೈ ತಗುಲಿ ಎರಡು ಸಾಲು ಕೂಡಿಹೋದವು. ಮತ್ತೆ ಎಣಿಸಿದೆ. ಈ ಸಲ ಸಹನಾ ಹುಡುಗನಿಗೆ ಅಜ್ಜಿಯಾದಳು!

ಅಷ್ಟರಲ್ಲಿ ಕೊಟ್ರಪ್ಪ ಮೆಣಸಿನಕಾಯಿಯ ಪೊಟ್ಟಣ ಹಿಡಿದು ಬಂದ. "ಯಾಕ್ರಿ, ಎಲ್ಲಾರೂ ಎದ್ದು ನಿಂತೀರಿ?"

"ನಿಮ್ಮ ಅಕ್ಕಾರು ಹುಡುಗಿನ್ನ ಮೊದಲು ಚಿಕ್ಕವ್ವ ಮಾಡಿದ್ರು. ಈಗ ಅಜ್ಜಿ ಮಾಡ್ಯಾರ," ಎಂದರು ರುದ್ರಪ್ಪ.

"ಅಕ್ಕಾ! ನಾನು ಹೋಗಿ ಹತ್ತು ನಿಮಿಷ ಆಗಿಲ್ಲ!"

ಗದ್ದಲ ಕೇಳಿ ಸಹನಾ ಹೊರಗೆ ಬಂದಳು. ಕಣ್ಣು ತುಂಬಿದ್ದವು. ಅವಳ ಮುಖ ನೋಡಿ ನನಗೆ ನೆಲ ಬಾಯಿಬಿಡಬಾರದೇ ಅನಿಸಿತು. ಆದರೆ ಅವಳು ಅಳಲಿಲ್ಲ. ಸೀರೆ ಸರಿಮಾಡಿಕೊಂಡು ಶೇಂಗಾದ ಎದುರು ಕೂತಳು.

"ಅತ್ತಿ, ನನ್ನನ್ನ ಯಾವ ಕಡಿಯಿಂದ ಎಣಿಸಿದಿ?"

"ನನ್ನ ತವರ ಕಡಿಯಿಂದ."

"ನೀಲಮ್ಮಾರ್ನ?"

"ನಮ್ಮ ಮನಿಯವರ ಕಡಿಯಿಂದ."

"ಇಬ್ಬರನ್ನೂ ಒಂದ ಕಡಿಯಿಂದ ಎಣಿಸು. ತವರ ಕಡಿಯಿಂದ ಅವರು ನಿನಗ ಏನಾಗ್ಬೇಕು?"

"ಚಿಕ್ಕವ್ವನ ಮಗಳು. ತಂಗಿ."

"ತಂಗಿ ಮಗ?"

"ನನಗೂ ಮಗನ."

"ನಾನು?"

"ಸೊಸಿ."

"ಮಗಗ ಸೊಸಿ ಕೂಡ್ತಾಳಿಲ್ಲೋ ಹೇಳು ಮತ್ತ!"

ನಾನು ಶೇಂಗಾ ಒಂದೊಂದಾಗಿ ಮೊರಕ್ಕೆ ತುಂಬತೊಡಗಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದ ನೀಲಮ್ಮ ಸೊಂಟದ ಮೇಲೆ ಕೈಯಿಟ್ಟು, "ಯಕ್ಕಾ, ಮಾತು ಬಂದಾಗಿಂದ ಅಕ್ಕಾ ಅಕ್ಕಾ ಅಂತ ಬಾಯಿ ಹರಕೊಂಡೀನಿ. ಅದು ಲೆಕ್ಕಕ್ಕಿಲ್ಲೇನು ನಿನಗ?" ಎಂದು ಕೇಳಿದಳು.

ರುದ್ರಪ್ಪನವರು ಹೊಟ್ಟೆ ಹಿಡಿದು ನಕ್ಕರು. ಎಲೆ ಅಡಿಕೆ ಕೈ ಬದಲಾದವು. ಅವರು ಹಾಕಿದ್ದು ಒಂದೇ ಷರತ್ತು. "ಮದುವಿ ಮುಗಿಯೋತನಕ ಅಕ್ಕಾರು ಯಾರ ವರಸಿನೂ ಹೇಳಬಾರದು."

ಒಪ್ಪಿದೆ. ಮೆಣಸಿನಕಾಯಿ ಆಗಲೇ ಆರಿಹೋಗಿತ್ತು. ಅದಕ್ಕೂ ನನ್ನನ್ನೇ ಬೈದರು.

ಮರುದಿನ ನಮ್ಮೂರು ಚಿಗಟೇರಿಗೆ ಬಂದು ಸುಮ್ಮನಿರಬೇಕಿತ್ತು. ಇರಲಿಲ್ಲ. ಒಬ್ಬಳೇ ಕೂತು ನನ್ನ ವರಸೆಯನ್ನೇ ಬಿಡಿಸಿದೆ. ನಮ್ಮವ್ವ ನನ್ನ ಗಂಡನ ಅಕ್ಕ, ಆದ್ದರಿಂದ ಅವಳು ನನಗೆ ನಾದಿನಿ. ನಾದಿನಿಯ ಮಗಳು ಸೊಸೆ. ನಾದಿನಿಯ ಮಗಳು ಯಾರು? ನಾನೇ!

ಅಂದರೆ ನನಗೆ ನಾನೇ ಸೊಸೆ, ಮಕ್ಕಳೇ. ತಕ್ಷಣ ಅತ್ತೆಯ ಗತ್ತಿನಲ್ಲಿ ಅವಳಿಗೆ ಗದರಿಸಿ ಹೇಳಿದೆ: "ಹಿರೇರು ಕೇಳಿದ್ರ ಒಂದ ಮಾತಿನಾಗ ಉತ್ತರ ಕೊಡು. ಉದ್ದ ಮಾಡಬ್ಯಾಡ."

ಆ ಸೊಸೆ ಕೇಳಿದಂತಿಲ್ಲ. ಎಷ್ಟು ಪುಟ ಬರೆದಿದ್ದಾಳೆ ನೋಡಿ!